ಮಾತ್ರೆಗೆ ಸಾಲ, ಆಪರೇಷನ್ನಿಗೆ ಕಾರ್ಡು

ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ಮೇಲೆ ಕೈಗೆ ಬರುವ ರಸೀದಿಯನ್ನು ಹೆಚ್ಚಿನವರು ಕೊನೆಯ ಮೊತ್ತ ಮಾತ್ರ ನೋಡಿ ಮಡಚಿ ಇಡುತ್ತಾರೆ. ಬಿಡಿಸಿ ಓದಿದರೆ ಅದರಲ್ಲಿ ಕೆಲವು ಪುಟ್ಟ ಬಾಬತ್ತುಗಳಿವೆ. ಗ್ರಂಥಾಲಯ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3, ಆರೋಗ್ಯ ಕರ ನೂರಕ್ಕೆ 15. ಈ ಆರೋಗ್ಯ ಕರಕ್ಕೆ ಮೂಲ 1962ರ ಕಾಯ್ದೆ. ಆಗಿನ್ನೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಯಾವುದೋ ಮೂಲೆಯ ಹಂಚಿನ ಮನೆಗೆ ನೂರು ರೂಪಾಯಿ ಕಂದಾಯ ಬಿದ್ದರೆ, ಅದರ ಮೇಲೆ ಹದಿನೈದು ರೂಪಾಯಿ ಆರೋಗ್ಯದ ಹೆಸರಿನಲ್ಲೇ ಸೇರುತ್ತದೆ. ಇದರ ಜೊತೆಗೆ ಬೆಂಕಿಪೊಟ್ಟಣದಿಂದ ಡೀಸೆಲ್‌ವರೆಗೆ ಕೊಳ್ಳುವ ಪ್ರತಿಯೊಂದರ ಮೇಲೂ ಆ ಮನೆಯವರು ಕಟ್ಟುವ ತೆರಿಗೆ ಬೇರೆ.

ಚಿಕಿತ್ಸೆಯ ಖರ್ಚನ್ನು ಸರ್ಕಾರ ಕೊಡಬೇಕೋ ಜನ ಕೊಡಬೇಕೋ ಎಂಬ ಚರ್ಚೆ ಟಿ.ವಿ.ಯಲ್ಲಿ ನಡೆಯುವಾಗ ಈ ರಸೀದಿಯ ನೆನಪು ಯಾರಿಗೂ ಆಗುವುದಿಲ್ಲ. ಸರ್ಕಾರದ ಜೇಬು ಬೇರೆ, ಜನರ ಜೇಬು ಬೇರೆ ಎಂಬ ಲೆಕ್ಕದಲ್ಲೇ ಎಲ್ಲರೂ ಮಾತಾಡುತ್ತಾರೆ. ದುಡ್ಡು ಕೊಡುತ್ತಿರುವವರು ಜನರೇ, ಎರಡು ಕಡೆಯಿಂದಲೂ. ತೀರ್ಮಾನವಾಗಬೇಕಾದ್ದು ಇಷ್ಟು: ಆ ದುಡ್ಡು ಕಾಯಿಲೆ ಬರುವ ಮೊದಲೇ ಎಲ್ಲರಿಂದ ಸ್ವಲ್ಪ ಸ್ವಲ್ಪ ಕೂಡಬೇಕೋ, ಕಾಯಿಲೆ ಬಿದ್ದ ದಿನ ಒಂದೇ ಮನೆಯಿಂದ ಗಂಟಾಗಿ ಹೋಗಬೇಕೋ, ಮತ್ತು ಕೂಡಿದ ದುಡ್ಡನ್ನು ಮೊದಲು ಎಲ್ಲಿ ಖರ್ಚು ಮಾಡಬೇಕು ಎಂಬುದು.

ಈ ಪ್ರಶ್ನೆಯನ್ನು ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗದಲ್ಲಿ ನಿಂತು ಕೇಳುವುದು ವಾಸಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ಹಳೆಯ ನಾಲ್ಕು ತಾಲ್ಲೂಕುಗಳು, ಅವುಗಳಿಂದ ಇತ್ತೀಚೆಗೆ ಒಡೆದು ಬಂದ ಸರಗೂರು ಮತ್ತು ಸಾಲಿಗ್ರಾಮ. 2011ರ ಜನಗಣತಿಯಲ್ಲಿ ಎಲ್ಲ ಸೇರಿ ಸುಮಾರು ಹತ್ತು ಲಕ್ಷ ಜನ. ಕಾವೇರಿ ಬಯಲಿನಲ್ಲಿ ಭತ್ತ, ಕಬ್ಬು ಬೆಳೆಯುವ ಕೆ.ಆರ್. ನಗರದವರು, ಮಳೆ ನಂಬಿ ಹೊಗೆಸೊಪ್ಪು ಹಾಕುವ ಹುಣಸೂರು, ಪಿರಿಯಾಪಟ್ಟಣದವರು, ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು, ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು. ಆರೋಗ್ಯಕ್ಕೆ ಯಾರು ಕೊಡಬೇಕು ಎಂಬುದಕ್ಕೆ ಈ ದೇಶ ಕಂಡುಕೊಂಡ ಉತ್ತರಗಳೆಲ್ಲ, ಗೆದ್ದವೂ ಸೋತವೂ, ಈ ಒಂದು ಉಪವಿಭಾಗದಲ್ಲೇ ಸಿಗುತ್ತವೆ.

ತಿಂಗಳಿಗೆ ಐದು ರೂಪಾಯಿ

ಸಂಬಳದಾರನಿಗೆ ತಿಂಗಳಿಗೊಮ್ಮೆ ದುಡ್ಡು. ಹೊಗೆಸೊಪ್ಪಿನ ರೈತನಿಗೆ ವರ್ಷಕ್ಕೊಮ್ಮೆ. ಏಪ್ರಿಲ್, ಮೇ ಹೊತ್ತಿಗೆ ಸಸಿ ನೆಟ್ಟು, ಆಷಾಢ ಶ್ರಾವಣದಲ್ಲಿ ಎಲೆ ಮುರಿದು, ಬ್ಯಾರನ್ನಿನಲ್ಲಿ ಹದ ಮಾಡಿ, ಹರಾಜು ಮಾರುಕಟ್ಟೆ ತೆರೆದ ಮೇಲೆ ಕಾಸು. ಅಲ್ಲಿಯವರೆಗೆ ಗೊಬ್ಬರ, ಸೌದೆ, ಕೂಲಿ ಎಲ್ಲವೂ ಸಾಲ. ಕಾಯಿಲೆ ಮಾರುಕಟ್ಟೆ ತೆರೆಯುವವರೆಗೆ ಕಾಯುವುದಿಲ್ಲ. ಮಳೆಗಾಲದಲ್ಲಿ ಯಾರಾದರೂ ಮಲಗಿದರೆ ಆ ಖರ್ಚು ಕೂಡ ಅದೇ ಸಾಲದ ಪಟ್ಟಿಗೆ ಸೇರಿ ತಿಂಗಳಿಗೆ ನೂರಕ್ಕೆ ಎರಡೋ ಮೂರೋ ಬಡ್ಡಿಯಲ್ಲಿ ಬೆಳೆಯುತ್ತದೆ.

ಇದಕ್ಕೆ ಕರ್ನಾಟಕ ಮೊದಲು ಹುಡುಕಿದ ದೊಡ್ಡ ಪರಿಹಾರ ಯಶಸ್ವಿನಿ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಯೋಚನೆಗೆ ಎಸ್.ಎಂ. ಕೃಷ್ಣ ಅವರ ಸರ್ಕಾರ ಕೈಜೋಡಿಸಿ, 2003ರ ಜೂನ್‌ನಲ್ಲಿ ಚಿಕಿತ್ಸೆ ಶುರುವಾಯಿತು. ಸಹಕಾರ ಸಂಘದ ಸದಸ್ಯನಾದ ರೈತ ತಲೆಗೆ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳು ನಗದಿಲ್ಲದೆ ಆಗುತ್ತಿದ್ದವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ನಡುವೆ ಲಾಭದ ವಿಮಾ ಕಂಪನಿ ಇರಲಿಲ್ಲ. ಟ್ರಸ್ಟೊಂದು ವಂತಿಗೆ ಕೂಡಿಸಿ ಆಸ್ಪತ್ರೆಗೆ ಕೊಡುತ್ತಿತ್ತು, ಕಡಿಮೆ ಬಿದ್ದದ್ದನ್ನು ಸರ್ಕಾರ ತುಂಬುತ್ತಿತ್ತು. ಹಾಲಿನ ಡೇರಿ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಜಾಲ ಗಟ್ಟಿಯಾಗಿರುವ ಈ ಸೀಮೆಗೆ ಅದು ಹೇಳಿ ಮಾಡಿಸಿದಂತಿತ್ತು. ಕಾರ್ಯದರ್ಶಿಯ ಮೇಲಿನ ನಂಬಿಕೆಯೇ ಅರ್ಧ ಬಂಡವಾಳ.

2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಯಶಸ್ವಿನಿ ಅದರೊಳಗೆ ಕರಗಿತು. ರೈತರು ಬಿಡಲಿಲ್ಲ. 2022ರ ಬಜೆಟ್‌ನಲ್ಲಿ ಬಸವರಾಜ ಬೊಮ್ಮಾಯಿ 300 ಕೋಟಿ ರೂಪಾಯಿ ಇಟ್ಟು ಮತ್ತೆ ಘೋಷಿಸಿದರು. 2023ರ ಜನವರಿಯಿಂದ ಜಾರಿ. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆ ಸರ್ಕಾರದ್ದು. ಚಿಕಿತ್ಸೆಯ ಮಿತಿ 5 ಲಕ್ಷ.

ವಂತಿಗೆಯ ದಾರಿಗೆ ಇನ್ನೊಂದು ಉದಾಹರಣೆ ಬೈಲುಕುಪ್ಪೆಯಲ್ಲಿದೆ. ಟಿಬೆಟನ್ ಆಡಳಿತದ ಆರೋಗ್ಯ ಇಲಾಖೆ 2012ರಲ್ಲಿ ಟಿಬೆಟನ್ ಮೆಡಿಕೇರ್ ಎಂಬ ವ್ಯವಸ್ಥೆ ತಂದು, ಕುಟುಂಬಗಳಿಂದ ವರ್ಷದ ವಂತಿಗೆ ಪಡೆದು ಒಳರೋಗಿ ಖರ್ಚು ಭರಿಸುತ್ತದೆ. ಬೇರೆ ದೇಶದಲ್ಲಿ ಆಶ್ರಯ ಪಡೆದ ಸಮುದಾಯ ತನ್ನವರ ಬಿಲ್ಲನ್ನು ತಾನೇ ಹಂಚಿಕೊಳ್ಳುವ ಪದ್ಧತಿ ಇದು.

ಎರಡರ ಗುಣವೂ ಒಂದೇ, ಕೊರತೆಯೂ ಒಂದೇ. ಕೊಟ್ಟವನಿಗೆ ಹಕ್ಕಿನ ಭಾವ ಬರುತ್ತದೆ, ಕೇಳುವ ಧೈರ್ಯ ಬರುತ್ತದೆ. ಆದರೆ ಸಂಘದೊಳಗಿದ್ದವರಿಗೆ ಮಾತ್ರ. ಕೂಲಿಯವನು, ಜಮೀನು ತನ್ನ ಹೆಸರಿಗಿಲ್ಲದ ಹೆಂಗಸು, ಹಾಡಿಯ ಮುದುಕಿ ಯಾವ ಸಂಘದ ಸದಸ್ಯರು? ಸಾಲದ್ದಕ್ಕೆ, ಆರೋಗ್ಯವಂತರು ಒಂದು ವರ್ಷ ಏನೂ ಆಗಲಿಲ್ಲವೆಂದು ಮುಂದಿನ ವರ್ಷ ಕಟ್ಟುವುದಿಲ್ಲ. ಮನೆಯಲ್ಲಿ ಆಪರೇಷನ್ ಬಾಕಿ ಇರುವವರು ತಪ್ಪದೆ ಕಟ್ಟುತ್ತಾರೆ. ಸ್ವಇಚ್ಛೆಯ ವಿಮೆ ಎಲ್ಲಿದ್ದರೂ ಈ ಸೋರಿಕೆ ಇದ್ದದ್ದೇ. ಅದನ್ನು ತುಂಬಲು ಕೊನೆಗೆ ತೆರಿಗೆಯೇ ಬರಬೇಕು.

ಯಶಸ್ವಿನಿ ಹುಟ್ಟಿದ ಹೊತ್ತಿನಲ್ಲೇ ಥಾಯ್ಲೆಂಡ್ ಬೇರೊಂದು ದಾರಿ ಹಿಡಿಯಿತು. 2001ರಲ್ಲಿ ಶುರುವಾಗಿ 2002ರಲ್ಲಿ ಕಾಯ್ದೆಯಾದ ಅವರ 30 ಬಾತ್ ಯೋಜನೆಯಲ್ಲಿ ವಂತಿಗೆ ಇಲ್ಲ. ತೆರಿಗೆ ದುಡ್ಡಿನಿಂದಲೇ ಪ್ರತಿಯೊಬ್ಬನ ತಲೆಗೆ ಇಷ್ಟು ಎಂದು ಲೆಕ್ಕ ಹಾಕಿ, ಅವನ ಸೀಮೆಯ ಆಸ್ಪತ್ರೆ ಜಾಲಕ್ಕೆ ಮುಂಗಡವಾಗಿ ಕೊಟ್ಟರು. ರೋಗಿ ಒಂದು ಭೇಟಿಗೆ 30 ಬಾತ್ ಕೊಟ್ಟರೆ ಸಾಕು. ನೆಗಡಿಗೂ ಅಲ್ಲೇ, ಸಕ್ಕರೆ ಕಾಯಿಲೆಗೂ ಅಲ್ಲೇ, ಆಪರೇಷನ್ ಬೇಕಾದರೆ ಅಲ್ಲಿಂದ ಮೇಲಕ್ಕೆ. ಅವರು ಊರಿನ ಹತ್ತಿರದ ಬಾಗಿಲಿನಿಂದ ಶುರು ಮಾಡಿದರು, ನಾವು ಆಪರೇಷನ್ ಥಿಯೇಟರಿನಿಂದ.

ಕಾರ್ಡು ಕೊಟ್ಟದ್ದು, ಕಾರ್ಡು ಬಿಟ್ಟದ್ದು

ಆಪರೇಷನ್ ಥಿಯೇಟರಿನಿಂದ ಶುರು ಮಾಡಿದ್ದು ವ್ಯರ್ಥವಾಯಿತು ಎಂದರೆ ಅನ್ಯಾಯ. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕುಟುಂಬಗಳ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಖರ್ಚನ್ನು ಪೂರ್ತಿ ಸರ್ಕಾರದ ಮೇಲೆ ಹಾಕಿಕೊಂಡಿತು. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯ ಈಚೆ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಮನೆಗಳಲ್ಲಿ ಆಗುತ್ತಿದ್ದ ಸಾವು, ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ 64ರಷ್ಟು ಕಡಿಮೆ. ಸರ್ಕಾರ ದುಡ್ಡು ಕೊಟ್ಟರೆ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ಪುರಾವೆ ಇದಕ್ಕಿಂತ ಬೇಕೆ?

ಅದರ ವಾರಸುದಾರ ಈಗಿನ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರ ಅಕ್ಟೋಬರ್‌ನಿಂದ ರಾಜ್ಯ ಮತ್ತು ಕೇಂದ್ರದ ಯೋಜನೆಗಳು ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಕುಟುಂಬವಾದರೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ 70 ರೋಗಿಯದು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಚಿಕಿತ್ಸೆ ಅಲ್ಲೇ ಆಗಬೇಕು, ಆಗದ್ದನ್ನು ಬರೆದುಕೊಟ್ಟರೆ ಖಾಸಗಿಗೆ ಹೋಗಬಹುದು, ತುರ್ತಿಗೆ ಚೀಟಿ ಬೇಡ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳ ಖರ್ಚಿಗೆ ಕೇಂದ್ರ 60, ರಾಜ್ಯ 40 ಪಾಲು. ಪಟ್ಟಿಯಾಚೆಯವರ ಖರ್ಚು ಪೂರ್ತಿ ರಾಜ್ಯದ್ದು.

ತೊಡಕು ಎರಡು ಕಡೆ. ಮೊದಲನೆಯದು, ಆರೋಗ್ಯದ ಹಕ್ಕನ್ನು ಪಡಿತರ ಚೀಟಿಯ ಬಣ್ಣಕ್ಕೆ ಕಟ್ಟಿದ್ದು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ರಾಜ್ಯದಾದ್ಯಂತ ಗದ್ದಲವಾಗಿ ಸರ್ಕಾರ ಹಿಂದೆ ಸರಿಯಬೇಕಾಯಿತು. ಆಗ ಎಲ್ಲರೂ ಮಾತಾಡಿದ್ದು ಅಕ್ಕಿಯ ಬಗ್ಗೆ. ಬಿಪಿಎಲ್ ಎಪಿಎಲ್ ಆದರೆ ಅಕ್ಕಿಯ ಜೊತೆಗೆ ಐದು ಲಕ್ಷದ ರಕ್ಷಣೆಯೂ ಕುಸಿಯುತ್ತದೆ. ಒಂದು ಒಳ್ಳೆಯ ಹರಾಜಿನ ವರ್ಷದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ರೈತ, ಮರುವರ್ಷ ಬೆಳೆ ಕೈಕೊಟ್ಟು ಹಾಸಿಗೆ ಹಿಡಿದರೆ ದಾಖಲೆಯಲ್ಲಿ ಉಳ್ಳವನು, ಆಸ್ಪತ್ರೆ ಕೌಂಟರಿನಲ್ಲಿ ಇಲ್ಲದವನು. ಮಳೆ ನಂಬಿದ ಸೀಮೆಯಲ್ಲಿ ಬಡತನದ ಗೆರೆಯನ್ನು ಪ್ರತಿ ವರ್ಷ ಜನ ಅತ್ತಿಂದಿತ್ತ ದಾಟುತ್ತಿರುತ್ತಾರೆ. ಕಾರ್ಡು ಅಷ್ಟು ಚುರುಕಾಗಿ ಬದಲಾಗುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಕಾರ್ಡು ತೆರೆಯುವುದು ಆಸ್ಪತ್ರೆಗೆ ಅಡ್ಮಿಟ್ ಆದಾಗ. ಮನೆಯ ದುಡ್ಡು ಸೋರುವುದು ಅದಕ್ಕೆ ಬಹಳ ಮೊದಲು.

ಊಹೆಯ ಒಂದು ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಗಂಡನಿಗೆ ಬಿಪಿ ಮತ್ತು ಶುಗರ್, ಹೆಂಡತಿಗೆ ಥೈರಾಯ್ಡ್ ಮತ್ತು ಮಂಡಿನೋವು. ಮಾತ್ರೆಗೆ ತಿಂಗಳಿಗೆ 800 ರೂಪಾಯಿ ಎಂದರೆ ವರ್ಷಕ್ಕೆ 9,600. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ 600ರಂತೆ 2,400. ವರ್ಷದಲ್ಲಿ ಆರು ಸಲ ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡರೆ ಪ್ರತಿ ಸಲವೂ ಇಬ್ಬರ ಒಂದು ದಿನದ ದುಡಿಮೆ ಹೋಯಿತು. 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿಯ ಲೆಕ್ಕ ಹಿಡಿದರೂ ಅದು 4,440. ಒಟ್ಟು 16,440. ಇದರಲ್ಲಿ ಹತ್ತು ಸಾವಿರವನ್ನು ನೂರಕ್ಕೆ ಮೂರರ ಬಡ್ಡಿಗೆ ತಂದು ಮಾರುಕಟ್ಟೆ ಮುಗಿಯುವ ತನಕ ಆರು ತಿಂಗಳು ಇಟ್ಟುಕೊಂಡರೆ ಬಡ್ಡಿಯೇ 1,800. ಹದಿನೆಂಟು ಸಾವಿರ ದಾಟಿತು. ಐದು ಲಕ್ಷದ ಕಾರ್ಡು ಈ ಹದಿನೆಂಟು ಸಾವಿರದಲ್ಲಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ವೈದ್ಯರ ಫೀಸು ಇನ್ನೂ ಸೇರಿಸಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತವಲ್ಲವೇ ಎಂದು ಕೇಳಬಹುದು. ಕಾಗದದ ಮೇಲೆ ಹೌದು. ‘ಈ ಮಾತ್ರೆ ಬಂದಿಲ್ಲ, ಹೊರಗಡೆ ತಗೊಳ್ಳಿ’ ಎಂಬ ಮಾತು ಕೇಳದೆ ಬಂದವರು ಎಷ್ಟು ಜನ ಇದ್ದಾರೆ ಎಂಬುದನ್ನು ಓದುಗರೇ ಹೇಳಬೇಕು. ಎರಡು ಸಲ ಹಾಗಾದರೆ ಮೂರನೆಯ ಸಲ ಜನ ನೇರವಾಗಿ ಮೆಡಿಕಲ್ ಸ್ಟೋರಿಗೇ ಹೋಗುತ್ತಾರೆ. ಎರಡು ತಿಂಗಳು ಕಾಸಿಲ್ಲದಿದ್ದರೆ ಮಾತ್ರೆಯನ್ನೇ ಬಿಡುತ್ತಾರೆ. ಬಿಟ್ಟ ಬಿಪಿ ಮಾತ್ರೆ ಕೆಲವು ವರ್ಷಗಳ ನಂತರ ಲಕ್ವವಾಗಿಯೋ ಕಿಡ್ನಿ ವೈಫಲ್ಯವಾಗಿಯೋ ಬರುತ್ತದೆ. ಆಗ ಕಾರ್ಡು ಎಚ್ಚರಗೊಳ್ಳುತ್ತದೆ. ವಾರಕ್ಕೆ ಎರಡು ಮೂರು ಡಯಾಲಿಸಿಸ್ ಸರ್ಕಾರದ ಖರ್ಚಿನಲ್ಲೇ ನಡೆಯುತ್ತದೆ, ಬದುಕಿರುವಷ್ಟು ಕಾಲ. ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಸಿದ ಸರ್ಕಾರ ಅದರ ಹಲವು ಪಟ್ಟು ಕಟ್ಟುತ್ತದೆ. ಆ ಮನೆ ದುಡಿಯುವ ಕೈಯೊಂದನ್ನು ಕಳೆದುಕೊಂಡಿರುತ್ತದೆ.

ದೇಶದ ಲೆಕ್ಕವೂ ಇದೇ ಕಡೆ ಬೆರಳು ತೋರುತ್ತದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದ ನೇರವಾಗಿ ಹೋಗುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ. ಇಳಿದದ್ದು ನಿಜ, ಸಂತೋಷವೇ. ಉಳಿದಿರುವ ಭಾಗದಲ್ಲಿ ದೊಡ್ಡ ಪಾಲು ಔಷಧಿ ಮತ್ತು ಹೊರರೋಗಿ ಚಿಕಿತ್ಸೆಯದು, ಅಂದರೆ ಕಾರ್ಡು ಮುಟ್ಟದ ಭಾಗದ್ದು.

ಮೈಸೂರಿಗೆ ಬರೆದುಕೊಟ್ಟರು

ಈ ತಾಲ್ಲೂಕುಗಳ ಆಸ್ಪತ್ರೆ ಕಥೆಗಳಲ್ಲಿ ಪದೇ ಪದೇ ಬರುವ ವಾಕ್ಯ ‘ಮೈಸೂರಿಗೆ ಬರ್ದುಕೊಟ್ರು’. ಕೆ.ಆರ್. ನಗರದಿಂದ ಸುಮಾರು 40 ಕಿಲೋಮೀಟರ್, ಹುಣಸೂರಿನಿಂದ 45, ಎಚ್.ಡಿ. ಕೋಟೆಯಿಂದ 50, ಪಿರಿಯಾಪಟ್ಟಣದಿಂದ 65ಕ್ಕೂ ಹೆಚ್ಚು. ತಾಲ್ಲೂಕು ಕೇಂದ್ರಕ್ಕೆ ಬರುವುದೇ ಒಂದು ಪ್ರಯಾಣವಾದ ಹಳ್ಳಿಗಳಿಗೆ ಇದು ಎರಡನೆಯ ಪ್ರಯಾಣ. 2023ರ ಜೂನ್‌ನಿಂದ ಶಕ್ತಿ ಯೋಜನೆ ಹೆಂಗಸರ ಬಸ್ ಚಾರ್ಜನ್ನು ತೆಗೆದುಹಾಕಿದೆ. ಮೈಸೂರಿನ ದೊಡ್ಡಾಸ್ಪತ್ರೆಗೆ, ಚೆಲುವಾಂಬ ಆಸ್ಪತ್ರೆಗೆ ಹೋಗಿಬರುವ ಬಡ ಹೆಂಗಸರಿಗೆ ಅದು ಸಣ್ಣ ಉಪಕಾರವೇನಲ್ಲ. ಆದರೆ ಎದೆ ಹಿಡಿದುಕೊಂಡವನಿಗೆ ಬೇಕಾದ್ದು ಬಸ್ಸಲ್ಲ.

ಇಲ್ಲಿ ಸರ್ಕಾರದ ದುಡ್ಡು ಸರಿಯಾದ ಜಾಗಕ್ಕೆ ಬಂದ ಉದಾಹರಣೆಯೊಂದಿದೆ. 2023ರಲ್ಲಿ ಘೋಷಣೆಯಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗುತ್ತದೆ. ಅಲ್ಲಿನ ತಜ್ಞರು ನೋಡಿ ಹೃದಯಾಘಾತವೆಂದು ಖಚಿತಪಡಿಸಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಕೊಡುತ್ತಾರೆ. ಹೊರಗೆ ಮೂವತ್ತು ಸಾವಿರಕ್ಕೂ ಮೇಲೆ ಬೀಳುವ ಚುಚ್ಚುಮದ್ದು ಇಲ್ಲಿ ಉಚಿತ. ಕಾರ್ಡು ಯಾವ ಬಣ್ಣ ಎಂದು ಮೊದಲು ಕೇಳುವ ಹೊತ್ತಲ್ಲ ಅದು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟಿದರು. ಅವರಲ್ಲಿ ಬಹಳಷ್ಟು ಮಂದಿಗೆ ಬೇಕಾಗಿದ್ದದ್ದು ಒಂದು ಇಸಿಜಿ, ಒಂದು ಬಿಪಿ ತಪಾಸಣೆ, ಒಂದು ಭರವಸೆ. ಅಷ್ಟಕ್ಕೆ ಊರಿನ ಆರೋಗ್ಯ ಕೇಂದ್ರದ ಮೇಲೆ ನಂಬಿಕೆ ಇರಲಿಲ್ಲ ಎಂಬುದೇ ಆ ಸಾಲು ಹೇಳಿದ ಸಂಗತಿ.

ನಂಬಿಕೆ ಹುಟ್ಟಲು ಬಾಗಿಲು ಹತ್ತಿರವಿರಬೇಕು, ತೆರೆದಿರಬೇಕು. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ದೇಶದ ಮಾನದಂಡ. ಹತ್ತು ಲಕ್ಷ ಜನರ ಉಪವಿಭಾಗಕ್ಕೆ ಲೆಕ್ಕ ಹಾಕಿದರೆ ಕನಿಷ್ಠ 33, ಹಾಡಿಗಳನ್ನು ಪರಿಗಣಿಸಿದರೆ ಇನ್ನೂ ಹೆಚ್ಚು. ಕಟ್ಟಡದ ಸಂಖ್ಯೆ ಸರಿಹೊಂದಿಸುವುದು ಕಷ್ಟವಲ್ಲ. ಕಷ್ಟವಿರುವುದು ಅದರೊಳಗೆ ಸಂಜೆಯೂ ವೈದ್ಯ, ಪ್ರಯೋಗಾಲಯದಲ್ಲಿ ತಂತ್ರಜ್ಞ, ಕಪಾಟಿನಲ್ಲಿ ಮಾತ್ರೆ ಇರುವಂತೆ ನೋಡಿಕೊಳ್ಳುವುದರಲ್ಲಿ.

ಹಾಡಿಗಳ ವಿಷಯಕ್ಕೆ ಬಂದರೆ ‘ಯಾರು ಕೊಡಬೇಕು’ ಎಂಬ ಪ್ರಶ್ನೆಯ ಧ್ವನಿಯೇ ಬೇರೆ. ಕಬಿನಿ ಜಲಾಶಯಕ್ಕೆ, ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕೆ ಜಾಗ ಬಿಟ್ಟುಕೊಟ್ಟವರು ಅವರು. ನಾಗರಹೊಳೆಯಿಂದ ಹೊರಬಂದ ಕುಟುಂಬಗಳ ಸಂಖ್ಯೆಯನ್ನು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 3,418 ಎಂದು ಲೆಕ್ಕ ಹಾಕಿತು. ಗೆಡ್ಡೆಗೆಣಸು, ಜೇನು, ಸೊಪ್ಪು, ಔಷಧಿ ಬೇರು ಎಲ್ಲ ಕಾಡಿನಿಂದಲೇ ಪಡೆಯುತ್ತಿದ್ದವರನ್ನು ಕಾಡಿನಾಚೆ ತಂದು ಕೂಡಿಸಿದ ಮೇಲೆ ಅವರ ಆರೋಗ್ಯದ ಖರ್ಚು ಸರ್ಕಾರದ ಔದಾರ್ಯವಾಗುವುದಿಲ್ಲ, ತೀರಿಸಬೇಕಾದ ಋಣವಾಗುತ್ತದೆ. ಆ ಋಣವನ್ನು ಬಹುಕಾಲ ಬೇರೆಯವರು ತೀರಿಸಿದರು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಬ್ರಹ್ಮಗಿರಿ, ಕೆಂಚನಹಳ್ಳಿಗಳಲ್ಲಿ ಚಿಕಿತ್ಸೆ ಶುರು ಮಾಡಿ ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿತು. ದಾನಿಗಳ ದುಡ್ಡು, ತರುಣ ವೈದ್ಯರ ಹಟ. ಹೆಮ್ಮೆಪಡಬೇಕಾದ ಕೆಲಸ. ಆದರೆ ದಾನ ಬರುವ ವರ್ಷ ಬರುತ್ತದೆ, ಬಾರದ ವರ್ಷ ಇಲ್ಲ. ಒಂದು ಜನಸಮುದಾಯದ ಆರೋಗ್ಯವನ್ನು ಅದರ ಮೇಲೆ ನಿಲ್ಲಿಸಿ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ.

ಹಾಡಿಯಲ್ಲಿ ದುಡ್ಡಿಗಿಂತ ಮುಂಚೆ ಬರುವ ತಡೆಗಳಿವೆ: ದೂರ, ದಾಖಲೆ, ಗದರುವ ದನಿ. ಕೇರಳದ ಗಡಿಗೆ ಅಂಟಿದ ಡಿ.ಬಿ. ಕುಪ್ಪೆಯ ಕಡೆಯವರಿಗೆ ಎಚ್.ಡಿ. ಕೋಟೆಗಿಂತ ವಯನಾಡಿನ ಮಾನಂದವಾಡಿ ಹತ್ತಿರ. ಗಡಿ ದಾಟಿದ ಕಾರ್ಡು ಅಲ್ಲೂ ಸಲೀಸಾಗಿ ನಡೆಯಬೇಕು. ಆದಿವಾಸಿಗಳಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯನ್ನೇ ನೋಡಿ. 2023ರ ಜುಲೈನಲ್ಲಿ ಕೇಂದ್ರ ಅದರ ನಿರ್ಮೂಲನಾ ಅಭಿಯಾನ ಆರಂಭಿಸಿತು, ತಪಾಸಣೆ ನಡೆಯುತ್ತಿದೆ. ಪತ್ತೆಯಾದ ಮೇಲೆ? ಬಹುಮಂದಿಗೆ ಬೇಕಾದ್ದು ಆಪರೇಷನ್ ಅಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ, ದಿನವೂ, ವರ್ಷಗಟ್ಟಲೆ, ಮಧ್ಯೆ ರಕ್ತಪರೀಕ್ಷೆಯೊಂದಿಗೆ. ಹಾಡಿಗೆ ಹತ್ತಿರದ ಉಪಕೇಂದ್ರದಲ್ಲಿ ಅದು ತಪ್ಪದೆ ಸಿಗದಿದ್ದರೆ ತಪಾಸಣೆಯ ಚೀಟಿ ಬರೀ ಚೀಟಿ.

ಸೊಪ್ಪಿನ ತೆರಿಗೆ

ದುಡ್ಡೆಲ್ಲಿಂದ ಎಂಬುದು ಮುಂದಿನ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆ. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣಕ್ಕೆ ಸಿಕ್ಕದ್ದು 17 ಸಾವಿರ ಕೋಟಿಯ ಆಸುಪಾಸು, ನೂರಕ್ಕೆ ನಾಲ್ಕು ಚಿಲ್ಲರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ರಾಜ್ಯಗಳು ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕು, ಅದರ ಮೂರನೇ ಎರಡು ಭಾಗ ಪ್ರಾಥಮಿಕ ಆರೈಕೆಗೆ ಹೋಗಬೇಕು ಎಂದಿತ್ತು. ಕೇಂದ್ರವೂ ತನ್ನ ಮಾತು ಉಳಿಸಿಕೊಂಡಿಲ್ಲ. ಕೇಂದ್ರ, ರಾಜ್ಯ ಸೇರಿ ಜಿಡಿಪಿಯ ಶೇ 2.5 ಆಗಬೇಕಿದ್ದ ಸರ್ಕಾರಿ ವೆಚ್ಚ 2021–22ರಲ್ಲಿ, ಕೋವಿಡ್ ಕಾಲದ ಖರ್ಚೂ ಸೇರಿ, ಶೇ 1.84.

ಈ ಉಪವಿಭಾಗಕ್ಕೆ ತನ್ನದೇ ಆದ ಇನ್ನೊಂದು ವಾದವಿದೆ. 1976ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಇಲ್ಲಿನ ಬೆಳೆಗೆ ಲೈಸೆನ್ಸ್ ಕೊಡುತ್ತದೆ, ಹರಾಜು ನಡೆಸುತ್ತದೆ, ರಫ್ತಿನಿಂದ ಡಾಲರ್ ಬರುತ್ತದೆ. ಅದೇ ಸರ್ಕಾರ 2003ರ ಕಾಯ್ದೆಯಲ್ಲಿ ಸಿಗರೇಟಿನ ಜಾಹೀರಾತು ನಿಷೇಧಿಸಿದೆ, ಪ್ಯಾಕಿನ ಮೇಲೆ ಭಯದ ಚಿತ್ರ ಹಾಕಿಸುತ್ತದೆ, ಸಿಗರೇಟಿನ ಮೇಲೆ ಭಾರಿ ತೆರಿಗೆ ಎತ್ತುತ್ತದೆ. ತಂಬಾಕಿನ ಕಾಯಿಲೆ ಮತ್ತು ಅಕಾಲ ಸಾವುಗಳಿಂದ ದೇಶಕ್ಕಾಗುವ ನಷ್ಟ 2017–18ರಲ್ಲಿ 1.77 ಲಕ್ಷ ಕೋಟಿ ರೂಪಾಯಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದ ಅಧ್ಯಯನ ಅಂದಾಜು ಮಾಡಿತ್ತು. ಸೇದುವವನ ಶ್ವಾಸಕೋಶದ ಲೆಕ್ಕ ಅಲ್ಲಿದೆ. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಎಲೆ ಮುರಿದು ನಿಕೋಟಿನ್ ಚರ್ಮಕ್ಕಿಳಿದು ತಲೆಸುತ್ತು, ವಾಂತಿ ಅನುಭವಿಸುವ ಕೂಲಿ ಹೆಂಗಸಿನ ಲೆಕ್ಕವನ್ನು, ಬ್ಯಾರನ್ನಿನ ಕಾವಿನಲ್ಲಿ ರಾತ್ರಿಯಿಡೀ ನಿದ್ದೆಗೆಡುವವನ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಸೊಪ್ಪಿನಿಂದ ಬರುವ ತೆರಿಗೆಯಲ್ಲಿ ಒಂದು ನಿಗದಿತ ಪಾಲು ಸೊಪ್ಪು ಬೆಳೆಯುವ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಿಗೆ ವಾಪಸು ಬರಬೇಕೆಂದು ಇಲ್ಲಿನ ಶಾಸಕರು, ಸಂಸದರು ಪಕ್ಷ ಬಿಟ್ಟು ಕೇಳಿದರೆ ಅದು ಭಿಕ್ಷೆಯಾಗುವುದಿಲ್ಲ.

ಉಚಿತವಾದರೆ ಜನ ಬೆಲೆ ಕೊಡುವುದಿಲ್ಲ, ದುಂದಾಗುತ್ತದೆ ಎಂಬ ಆಕ್ಷೇಪವೂ ಹಳೆಯದು. ಶುಗರ್ ಮಾತ್ರೆಯನ್ನು ಪುಕ್ಕಟೆ ಸಿಕ್ಕಿತೆಂದು ಯಾರೂ ಎರಡೆರಡು ನುಂಗುವುದಿಲ್ಲ. ದುಂದು ನಡೆಯುವುದು ಬೇರೆ ಕಡೆ: ಬೇಡದ ಸ್ಕ್ಯಾನ್, ಬೇಡದ ಆಪರೇಷನ್, ಖರೀದಿಯಲ್ಲಿ ಕಮಿಷನ್. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲೇ ರಾಜ್ಯದ ಆರೋಗ್ಯ ವ್ಯವಸ್ಥೆಯ ಭ್ರಷ್ಟಾಚಾರವನ್ನೂ ಪ್ರಾಥಮಿಕ ಆರೋಗ್ಯದ ಕಡೆಗಣನೆಯನ್ನೂ ಮುಚ್ಚುಮರೆಯಿಲ್ಲದೆ ಬರೆದಿತ್ತು. ಖಾಸಗಿ ಆಸ್ಪತ್ರೆಗಳ ದರಕ್ಕೆ ಲಗಾಮು ಹಾಕಲು 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ ತಿದ್ದುಪಡಿ ಬಂತು. ವೈದ್ಯರ ಮುಷ್ಕರದ ನಂತರ ಅದು ಮೆತ್ತಗಾಗಿ, ಸರ್ಕಾರಿ ಯೋಜನೆಗಳ ರೋಗಿಗಳಿಗೆ ಮಾತ್ರ ದರ ನಿಗದಿ ಎಂಬಲ್ಲಿಗೆ ನಿಂತಿತು. ಅಂದರೆ ಯೋಜನೆಯ ಹೊರಗೆ ಚಿಕಿತ್ಸೆ ಪಡೆಯುವ ಎಪಿಎಲ್ ರೈತ ಇಂದಿಗೂ ಆಸ್ಪತ್ರೆ ಹೇಳಿದ ದರಕ್ಕೇ ತಲೆಯಾಡಿಸಬೇಕು. ಬರೀ ದುಡ್ಡು ಕೊಡುವುದಷ್ಟೇ ಸರ್ಕಾರದ ಪಾತ್ರವಲ್ಲ. ದರ ನೋಡುವುದು, ಗುಣಮಟ್ಟ ಕೇಳುವುದು, ತಾನೇ ಎದುರಾಳಿಯಾಗಿ ಒಳ್ಳೆಯ ಆಸ್ಪತ್ರೆ ನಡೆಸುವುದು ಕೂಡ. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಚೆನ್ನಾಗಿ ಆಗುತ್ತಿದ್ದರೆ ಎದುರು ರಸ್ತೆಯ ನರ್ಸಿಂಗ್ ಹೋಮಿನ ದರ ತಾನಾಗಿ ಹದಕ್ಕೆ ಬರುತ್ತದೆ.

ಹಾಗಾದರೆ ಪಾವತಿಯ ಸರದಿ ಹೇಗಿರಬೇಕು? ಮೊದಲ ರೂಪಾಯಿ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಬಿಪಿ, ಶುಗರ್, ಥೈರಾಯ್ಡ್, ಮೂರ್ಛೆ, ಮಾನಸಿಕ ಕಾಯಿಲೆ, ಸಿಕಲ್ ಸೆಲ್‌ಗಳ ಮಾತ್ರೆ ಕಾರ್ಡು ಕೇಳದೆ ಎಲ್ಲರಿಗೂ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ತಪಾಸಣೆ, ಮಾತ್ರೆ ತರುವ ಮಾತಾಡಿದೆ, ದಾರಿ ಸರಿಯಾಗಿದೆ. ಆ ಮಾತ್ರೆ ಹೊತ್ತು ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಖಾತರಿಯ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು ಎಂಬುದನ್ನು ಮಾತ್ರ ಮರೆಯಬಾರದು. ಮಾತ್ರೆ ಖರೀದಿಗೆ ತಮಿಳುನಾಡು ಮೂರು ದಶಕದ ಹಿಂದೆಯೇ ನಿಗಮ ಕಟ್ಟಿ, ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ ಕೊಟ್ಟು, ಯಾವ ಗೋದಾಮಿನಲ್ಲಿ ಎಷ್ಟಿದೆ ಎಂಬ ಲೆಕ್ಕ ಇಟ್ಟಿತು. ಕಲಿಯಲು ದೂರ ಹೋಗಬೇಕಿಲ್ಲ. ಎರಡನೆಯ ರೂಪಾಯಿ ತಾಲ್ಲೂಕು ಆಸ್ಪತ್ರೆಗೆ. ಹೆರಿಗೆ, ಹಾವು ಕಡಿತ, ಹೃದಯಾಘಾತ, ಅಪಘಾತದ ಮೊದಲ ಗಂಟೆ ಅಲ್ಲೇ ನಿಭಾಯಿಸುವಂತೆ. ಮೂರನೆಯದು ಕಾರ್ಡಿಗೆ, ಪಡಿತರ ಚೀಟಿಯ ಬಣ್ಣಕ್ಕೆ ಕಟ್ಟುಹಾಕದೆ. ಅನುಕೂಲಸ್ಥ ಕುಟುಂಬಗಳಿಂದ ಯಶಸ್ವಿನಿಯಂತೆ ವಂತಿಗೆ ಪಡೆದರೂ ತಪ್ಪಿಲ್ಲ. ಉಳ್ಳವರು ಕೊಡಲಿ. ಆದರೆ ಮೊದಲೇ ಕೊಡಲಿ, ಗೊತ್ತಾದ ಮೊತ್ತ ಕೊಡಲಿ, ಐಸಿಯು ಬಾಗಿಲಲ್ಲಿ ನಿಂತು ಕೊಡುವ ಪಾಡು ಬೇಡ.

ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಆಪರೇಷನ್ನಿಗೆ ಸರ್ಕಾರ, ಮಾತ್ರೆಗೆ ರೈತ. ಆಪರೇಷನ್ನು ಫಲಕದ ಮೇಲೆ ಹಾಕಬಹುದು, ಫಲಾನುಭವಿಗಳ ಫೋಟೊ ತೆಗೆಯಬಹುದು. ಮಾತ್ರೆ ತಪ್ಪದೆ ಸಿಕ್ಕಿದ್ದರಿಂದ ಲಕ್ವ ಹೊಡೆಯದೆ ಉಳಿದವನ ಫೋಟೊ ಯಾರೂ ತೆಗೆಯಲಾರರು. ಹಾಗಾಗಿ ಈ ಬದಲಾವಣೆ ಮೇಲಿನಿಂದ ತಾನಾಗಿ ಬರುವುದು ಅನುಮಾನ. ಕೇಳುವ ಪ್ರಶ್ನೆ ಕೆಳಗಿನಿಂದ ಬದಲಾಗಬೇಕು. ಗ್ರಾಮಸಭೆಯಲ್ಲಿ, ಆರೋಗ್ಯ ರಕ್ಷಾ ಸಮಿತಿಯಲ್ಲಿ, ಮತ ಕೇಳಲು ಬಂದವರ ಮುಂದೆ ಈ ಸೀಮೆಯವರು ಎಷ್ಟು ಲಕ್ಷದ ಕಾರ್ಡು ಕೊಡುತ್ತೀರಿ ಎಂದು ಕೇಳುವ ಬದಲು, ನಮ್ಮೂರ ಉಪಕೇಂದ್ರದಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಬಿಪಿ ಮಾತ್ರೆ ಎಷ್ಟು ತಿಂಗಳು ಇತ್ತು ಎಂದು ಕೇಳಲಿ. ಆ ಉತ್ತರ ಹನ್ನೆರಡು ಆಗುವ ತನಕ, ಆರೋಗ್ಯಕ್ಕೆ ಸರ್ಕಾರ ದುಡ್ಡು ಕೊಡುತ್ತಿದೆ ಎಂಬ ಮಾತು ಅರ್ಧ ಸತ್ಯವಾಗಿಯೇ ಉಳಿಯುತ್ತದೆ.